ಒಪ್ಪಿಕೊಂಡಲ್ಲಿಗೆ ಕಥೆ ಮುಗಿಯಿತೇ?

2004ರ ನವೆಂಬರ್ 7ರಂದು ಸೋನಿ ವಾಹಿನಿಯಲ್ಲಿ ‘ಸಿ.ಐ.ಡಿ.’ ಧಾರಾವಾಹಿಯ ಒಂದು ವಿಶೇಷ ಕಂತು ಪ್ರಸಾರವಾಯಿತು. ‘ದಿ ಇನ್ಹೆರಿಟೆನ್ಸ್’ ಎಂಬ ಆ ಕಂತಿನ ಅವಧಿ 111 ನಿಮಿಷ. ಅಷ್ಟೂ ನಿಮಿಷಗಳು ಒಂದೇ ಶಾಟ್. ಅದೇ ವರ್ಷ ಅಕ್ಟೋಬರ್ 8ರಂದು ಲೋಣಾವಳದಲ್ಲಿ ಒಮ್ಮೆ ಚಾಲನೆಗೊಂಡ ಕ್ಯಾಮೆರಾ ಕಥೆ ಮುಗಿಯುವವರೆಗೆ ನಿಲ್ಲಲಿಲ್ಲ. ನಟರು ಮಾತು ಮರೆಯುವಂತಿರಲಿಲ್ಲ, ದೀಪ ಹಿಡಿದವರು ತಡವರಿಸುವಂತಿರಲಿಲ್ಲ, ಸಂಕಲನಕಾರನ ಕತ್ತರಿಗೆ ಕೆಲಸವೇ ಇರಲಿಲ್ಲ. ದಾಖಲೆಗಳ ಪುಸ್ತಕ ಸೇರಿದ ಈ ಕಂತನ್ನು ಹೆಚ್ಚಿನವರು ಒಂದು ಸಾಹಸವೆಂದು ಮೆಚ್ಚಿ ಮರೆತರು. ಆದರೆ ಪತ್ತೇದಾರಿ ಕಥೆಗೆ ಇದಕ್ಕಿಂತ ಒಪ್ಪುವ ತಂತ್ರ ಮತ್ತೊಂದಿಲ್ಲ. ಕಣ್ಣು ಮಿಟುಕಿಸದೆ ನೋಡುವುದು, ನೋಡಿದ್ದನ್ನು ನಡುವೆ ಕಡಿಯದೆ ಇಡುವುದು ಪತ್ತೇದಾರನ ಕಸುಬೇ ಅಲ್ಲವೆ?

ದಿನನಿತ್ಯದ ಕಂತುಗಳ ಕ್ರಮ ಬೇರೆ. 1998ರ ಜನವರಿ 21ರಂದು ಆರಂಭವಾಗಿ 2018ರ ಅಕ್ಟೋಬರ್ 27ರವರೆಗೆ 1547 ಕಂತುಗಳಲ್ಲಿ ಹರಿದ, 2024ರ ಡಿಸೆಂಬರಿನಲ್ಲಿ ಮತ್ತೆ ಬಂದ ಈ ಧಾರಾವಾಹಿಯ ಹಾದಿ ನೋಡುಗರಿಗೆ ಕಂಠಪಾಠ. ಮೊದಲು ಹೆಣ. ಆಮೇಲೆ ಎ.ಸಿ.ಪಿ. ಪ್ರದ್ಯುಮ್ನನ ಬೆರಳುಗಳ ತಿರುಗಾಟ. ಡಾಕ್ಟರ್ ಸಾಳುಂಕೆಯ ಪ್ರಯೋಗಾಲಯದಲ್ಲಿ ಬಣ್ಣಬಣ್ಣದ ಸೀಸೆಗಳು. ಮುಚ್ಚಿದ ಬಾಗಿಲೊಂದು ಎದುರಾದರೆ ಅದನ್ನು ಒಡೆಯಲು ಇನ್‌ಸ್ಪೆಕ್ಟರ್ ದಯಾ (ಆ ಪಾತ್ರದ ದಯಾನಂದ ಶೆಟ್ಟಿ ಉಡುಪಿ ಬಳಿಯ ಕಟಪಾಡಿಯವರೆಂಬುದು ಕರಾವಳಿಯವರಿಗೆ ಇಂದಿಗೂ ಹೆಮ್ಮೆ). ಕೊನೆಗೆ, ಗಡಿಯಾರ ನೋಡಿದಂತೆ, ಒಂದು ಕಪಾಳಮೋಕ್ಷ. ಅದುವರೆಗೆ ಏನನ್ನೂ ಒಪ್ಪದಿದ್ದ ಆರೋಪಿ ಆ ಒಂದೇ ಏಟಿಗೆ ಬಾಲ್ಯದಿಂದ ಹಿಡಿದು ಕೊಲೆಯ ಕ್ಷಣದವರೆಗೆ ಎಲ್ಲವನ್ನೂ ಕಾಲಾನುಕ್ರಮದಲ್ಲಿ ಹೇಳತೊಡಗುತ್ತಾನೆ. ಕೇಳಿದ ಅಧಿಕಾರಿ ನ್ಯಾಯಾಲಯದ ಗೊಡವೆಯಿಲ್ಲದೆ ಗಲ್ಲಿನ ಶಿಕ್ಷೆಯನ್ನೂ ಅಲ್ಲೇ ಸಾರಿಬಿಡುತ್ತಾನೆ. ಪ್ರಯೋಗಾಲಯ ಕಂಡುಹಿಡಿದದ್ದಕ್ಕೂ ಆರೋಪಿ ಹೇಳಿದ್ದಕ್ಕೂ ನಡುವೆ ಒಂದು ಸೇತುವೆ ಬೇಕಿತ್ತು. ಆ ಸೇತುವೆಯ ಜಾಗದಲ್ಲಿ ಅಂಗೈ ಬಂದು ಕೂತಿದೆ.

ಇದು ಒಂದೇ ಧಾರಾವಾಹಿಯ ದೋಷವಲ್ಲ. ನಿರ್ದೇಶಕ ಬಿ.ಪಿ. ಸಿಂಗ್ ಮತ್ತು ನಟ ಶಿವಾಜಿ ಸಾಟಂ ಇದಕ್ಕೂ ಮೊದಲು ಮುಂಬೈ ದೂರದರ್ಶನಕ್ಕೆ ‘ಏಕ್ ಶೂನ್ಯ ಶೂನ್ಯ’ ಎಂಬ ಮರಾಠಿ ಪೊಲೀಸ್ ಸರಣಿಯಲ್ಲಿ ಜೊತೆಗೂಡಿದ್ದರು. ಮರಾಠಿಗೆ ಪತ್ತೇದಾರಿಯ ರುಚಿ ಹತ್ತಿಸಿದ್ದು ಸಾವಿರಕ್ಕೂ ಮಿಕ್ಕಿ ಕಾದಂಬರಿ ಬರೆದ ಬಾಬುರಾವ್ ಅರ್ನಾಳಕರ್; ಕನ್ನಡಕ್ಕೆ ಹತ್ತಿಸಿದ್ದು ನಾಲ್ಕನೆಯ ತರಗತಿಯಷ್ಟೇ ಓದಿ ಐನೂರರಷ್ಟು ಕಾದಂಬರಿ ಬರೆದ ಎನ್. ನರಸಿಂಹಯ್ಯ. ವಿಶ್ವವಿದ್ಯಾಲಯಗಳ ಸಾಹಿತ್ಯ ಚರಿತ್ರೆಗಳಲ್ಲಿ ಇವರಿಬ್ಬರಿಗೂ ಸಿಕ್ಕ ಸಾಲುಗಳು ಕಡಿಮೆ. ಹಳ್ಳಿಯ ಗ್ರಂಥಾಲಯಗಳಲ್ಲಿ ಇವರ ಪುಸ್ತಕಗಳ ಹೊದಿಕೆ ಸವೆದಷ್ಟು ಬೇರೆಯವರದು ಸವೆದಿರಲಾರದು. ಓದುಗ ಬಯಸಿದ್ದು ಗೂಢ ಬಿಚ್ಚಿಕೊಳ್ಳುವ ಸುಖವನ್ನು. ದೂರದರ್ಶನಕ್ಕೆ ಬರುವ ಹೊತ್ತಿಗೆ ಬಿಚ್ಚುವ ತಾಳ್ಮೆ ಕುಗ್ಗಿ, ಬಾಯಿ ಬಿಡಿಸುವ ಆತುರ ಹೆಚ್ಚಿತು.

ಕಾನೂನು ಈ ಆತುರವನ್ನು ನಂಬುವುದಿಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಆ ಹೇಳಿಕೆಯಿಂದ ಹೊಸ ವಸ್ತುವೇನಾದರೂ ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ 27ನೆಯ ಕಲಮು ದಾರಿ ಬಿಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ತನ್ನ 23ನೆಯ ಕಲಮಿನಲ್ಲಿ ಇದೇ ಮಾತನ್ನು ಉಳಿಸಿಕೊಂಡಿದೆ. ಹಾಗಾದರೆ ಕಿರುತೆರೆಯ ಕೊಲೆಗಾರರಲ್ಲಿ ಮುಕ್ಕಾಲು ಪಾಲು ಜನ, ಆ ಕಂತಿನಲ್ಲಿ ಕಂಡ ಪುರಾವೆಯಷ್ಟನ್ನೇ ಹಿಡಿದು ಹೋದರೆ, ನ್ಯಾಯಾಲಯದಿಂದ ಮರುದಿನವೇ ಮನೆಗೆ ಹೋಗುವವರು. 1872ರ ಕಾಯಿದೆಯ ಕರಡನ್ನು ಬರೆದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಮುಂದೊಮ್ಮೆ ಈ ದೇಶದ ಅಧಿಕಾರಿಯೊಬ್ಬನಿಂದ ಕೇಳಿದ ವಿವರಣೆಯನ್ನು ದಾಖಲಿಸಿದ್ದಾನೆ. ಅದರ ಸಾರವಿಷ್ಟು: ಬಿಸಿಲಿನಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಿನಲ್ಲಿ ಕುಳಿತು ಬಡಪಾಯಿಯ ಕಣ್ಣಿಗೆ ಖಾರದ ಪುಡಿ ಉಜ್ಜುವುದು ಹಿತ. ಪೊಲೀಸರ ಕ್ರೌರ್ಯಕ್ಕೆ ಮೂಲ ಕೋಪವಲ್ಲ, ಸೋಮಾರಿತನ ಎಂಬ ಈ ರೋಗನಿರ್ಣಯವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಇಷ್ಟಾಗಿಯೂ ನೋಡುಗನಿಗೆ ಕಪಾಳಮೋಕ್ಷ ಹಿತವೆನಿಸುತ್ತದೆ. ಎಡಪ್ಪಾಡಿಯನ್ನೇ ತೆಗೆದುಕೊಳ್ಳಬಹುದು. ಈಗ ಹೊರಗಿನವರಿಗೆ ಒಬ್ಬ ಮಾಜಿ ಮುಖ್ಯಮಂತ್ರಿಯ ಹೆಸರಿನ ಮೊದಲ ಭಾಗವಾಗಿ ಪರಿಚಿತವಾಗಿರುವ ಸೇಲಂ ಜಿಲ್ಲೆಯ ಈ ಪಟ್ಟಣ ಮೂಲತಃ ನೇಕಾರರ ಊರು. ಚೌಡೇಶ್ವರಿಯ ಒಕ್ಕಲಾದ ದೇವಾಂಗರ ಮನೆಗಳಲ್ಲಿ ತಲೆಮಾರುಗಳಿಂದ ಮನೆಮಾತು ಕನ್ನಡ, ಶಾಲೆಯ ಅಕ್ಷರ ತಮಿಳು. ಮಗ್ಗದ ಸದ್ದು ನಿಂತ ಮೇಲೆ ಟಿ.ವಿ.ಯ ಸದ್ದು, ತೆರೆಯ ಮೇಲಿನ ಇನ್‌ಸ್ಪೆಕ್ಟರ್ ತಮಿಳಿನಲ್ಲಿ ಪ್ರಶ್ನೆ ಕೇಳುತ್ತಾನೆ, ನೋಡುವವರ ಟೀಕೆ ಕನ್ನಡದಲ್ಲಿ ಸಾಗುತ್ತದೆ. ಕನ್ನಡಿಗರಿಗೆ ಪತ್ತೇದಾರ ಪರಭಾಷೆಯಲ್ಲಿ ಮಾತನಾಡುವುದು ಹೊಸತಲ್ಲ. 1985ರ ‘ಕರಮಚಂದ್’, 1993ರ ‘ಬ್ಯೋಮಕೇಶ್ ಬಕ್ಷಿ’ ಕರ್ನಾಟಕದ ಮನೆಗಳಿಗೂ ಹಿಂದಿಯಲ್ಲೇ ಬಂದವು. ಡಬ್ಬಿಂಗಿಗಿದ್ದ ಅಘೋಷಿತ ತಡೆಯ ಮೇಲೆ ಸ್ಪರ್ಧಾ ಆಯೋಗ ದಂಡ ವಿಧಿಸಿದ್ದು 2015ರಲ್ಲಿ. ಆದರೆ ಭಾಷೆ ಯಾವುದಾದರೂ ಎಡಪ್ಪಾಡಿಯಲ್ಲಿ, ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಜಗಲಿಯಿಂದ ಹೊರಡುವ ಉದ್ಗಾರ ಒಂದೇ: ‘ಎರಡು ಬಿಟ್ಟರೆ ತಾನಾಗಿ ಹೇಳ್ತಾನೆ ಬಿಡು!’

ಸೇಲಂ–ಧರ್ಮಪುರಿ ಸೀಮೆಯಲ್ಲಿ ಈ ಉದ್ಗಾರ ಅಷ್ಟು ಹಗುರವಾಗಿ ಹೊರಡಬಾರದು. ಆ ಒಂದೇ ಶಾಟಿನ ಕಂತಿನ ಚಿತ್ರೀಕರಣ ಮುಗಿದ ಹತ್ತು ದಿನಕ್ಕೆ, 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ಆಂಬುಲೆನ್ಸಿನಲ್ಲಿ ಸಾಗುತ್ತಿದ್ದ ವೀರಪ್ಪನ್ ಮತ್ತು ಅವನ ಮೂವರು ಸಂಗಡಿಗರು ತಮಿಳುನಾಡಿನ ವಿಶೇಷ ಕಾರ್ಯಪಡೆಯ ಗುಂಡಿಗೆ ಬಲಿಯಾದರು. ಅವನನ್ನು ಮಣ್ಣು ಮಾಡಿದ್ದು ಸೇಲಂ ಜಿಲ್ಲೆಯ ಮೆಟ್ಟೂರು ಕಡೆಯ ಮೂಲಕ್ಕಾಡಿನಲ್ಲಿ. ಅವನು ಮಾಡಿದ ಕೊಲೆಗಳು ಹಲವು, ಅವುಗಳಿಗೆ ಕ್ಷಮೆಯಿಲ್ಲ. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟವೊಂದೇ ಸಾಕು. ಆದರೆ ಅವನ ಬೇಟೆಯ ವರ್ಷಗಳಲ್ಲಿ ಗಡಿಯ ಎರಡೂ ಬದಿಯ ಕಾಡಂಚಿನ ಕನ್ನಡ, ತಮಿಳು ಮನೆಗಳಿಂದ ಎಬ್ಬಿಸಿಕೊಂಡು ಹೋದವರ ಕಥೆ ಯಾವ ಧಾರಾವಾಹಿಯ ಕಂತಿನಲ್ಲೂ ಹಿಡಿಸುವಂಥದಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಕಾರ್ಯಪಡೆಯವರ ಠಾಣ್ಯದೊಳಗೊಂದು ಜಾಗಕ್ಕೆ ಜನ ‘ವರ್ಕ್‌ಶಾಪ್’ ಎಂದೇ ಹೆಸರಿಟ್ಟಿದ್ದರು. ಅಲ್ಲಿ ರಿಪೇರಿಯಾಗುತ್ತಿದ್ದುದು ವಾಹನಗಳಲ್ಲ. ‘ವೀರಪ್ಪನ್ ಎಲ್ಲಿದ್ದಾನೆ?’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರನ್ನೂ ಉತ್ತರ ಬರುವವರೆಗೆ ಕೇಳಲಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿ, ದೂರುಗಳನ್ನು ಕೇಳಿಸಿಕೊಂಡು, 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಸೂಚಿಸಿತು.

ಧರ್ಮಪುರಿ ಜಿಲ್ಲೆಯ ಅರೂರು ಬಳಿಯ ವಾಚಾತ್ತಿಯಲ್ಲಿ ನಡೆದುದು ಇನ್ನೂ ಹಿಂದಿನದು. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಯ ಮೇಲೆ ಬಿದ್ದರು. ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಆರೋಪಿಗಳು 269. 2011ರ ಸೆಪ್ಟೆಂಬರ್ 29ರಂದು ತೀರ್ಪು ಬರುವ ಹೊತ್ತಿಗೆ 54 ಮಂದಿ ಸತ್ತಿದ್ದರು, ಉಳಿದ 215 ಮಂದಿಯೂ ತಪ್ಪಿತಸ್ಥರೆಂದು ಸಾಬೀತಾಯಿತು. ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು 2023ರಲ್ಲಿ. ಘಟನೆಯಿಂದ ಅಂತಿಮ ಮಾತಿನವರೆಗೆ ಮೂವತ್ತೊಂದು ವರ್ಷ. ನಲವತ್ತು ನಿಮಿಷಗಳಲ್ಲಿ ನ್ಯಾಯ ಮುಗಿಸಿ ಮಲಗಲು ಹೋಗುವ ಅಭ್ಯಾಸ ಬೆಳೆಸಿಕೊಂಡ ನೋಡುಗನಿಗೆ ಈ ಲೆಕ್ಕ ಅರ್ಥವಾಗುವುದು ಕಷ್ಟ.

ಇದಕ್ಕೂ ಐಚ್ಛಿಕ ಕನ್ನಡಕ್ಕೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಸಂಬಂಧ ಪಠ್ಯದಲ್ಲೇ ಇದೆ. ಶಿವಕೋಟ್ಯಾಚಾರ್ಯನದೆಂದು ರೂಢಿಯಲ್ಲಿರುವ, ಸುಮಾರು 10ನೆಯ ಶತಮಾನದ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ಪರೀಕ್ಷೆಗಾಗಿ ಓದಿದವರು ಅದನ್ನು ವೈರಾಗ್ಯದ ಕಥೆಯೆಂದು ಬರೆದು ಅಂಕ ಪಡೆಯುತ್ತಾರೆ. ಅದು ತನಿಖೆಯ ಕಥೆಯೂ ಹೌದು. ಅಲ್ಲಿರುವುದು ಕೊಲೆಯಲ್ಲ, ಕಳವು; ಆದರೆ ನಿಜವನ್ನು ಹೊರತೆಗೆಯುವ ವಿಧಾನದ ಪ್ರಶ್ನೆ ಅದೇ. ಮಿಥಿಲೆಯ ಅರಸ ವಾಮರಥನ ಹಾರ ಕಳವಾಗುತ್ತದೆ. ತಳಾರ ಯಮದಂಡನಿಗೆ ಏಳು ದಿನಗಳ ಗಡುವು. ಗಡುವು ತೀರುವ ಹೊತ್ತಿಗೆ ಅವನು ಪಾಳು ದೇಗುಲದಲ್ಲಿ ಬಿದ್ದಿದ್ದ ಒಬ್ಬ ಕುಷ್ಠರೋಗಿಯನ್ನು ಎಳೆದು ತರುತ್ತಾನೆ. ಹಗಲು ಕುಷ್ಠರೋಗಿಯ ವೇಷ, ಇರುಳು ಕಳ್ಳತನ: ಅವನೇ ವಿದ್ಯುಚ್ಚೋರ. ತಳಾರನ ಊಹೆ ನಿಜ, ಆದರೆ ಕೈಯಲ್ಲಿ ಪುರಾವೆಯಿಲ್ಲ. ಆದ್ದರಿಂದ ಮೂವತ್ತೆರಡು ಬಗೆಯ ದಂಡನೆ. ಕಳ್ಳ ಬಾಯಿ ಬಿಡುವುದಿಲ್ಲ. ನರಕದ ವೇದನೆಗಳನ್ನು ಮುನಿಯಿಂದ ಕೇಳಿ ಬಲ್ಲವನಿಗೆ ತಳಾರನ ಏಟು ಯಾವ ಲೆಕ್ಕ?

ಕಿರುತೆರೆಯ ಕಥೆಗಾರ ಇಲ್ಲಿ ತಬ್ಬಿಬ್ಬಾಗುತ್ತಾನೆ. ಸಿಕ್ಕಿದವನು ನಿಜವಾಗಿಯೂ ಕಳ್ಳ. ಹೊಡೆತ ಬಿದ್ದದ್ದು ತಪ್ಪಿತಸ್ಥನಿಗೇ. ಆದರೂ ಹೊಡೆತದಿಂದ ಸತ್ಯ ಹೊರಡಲಿಲ್ಲ. ಸತ್ಯ ಹೊರಟದ್ದು ಅರಸ ಅಭಯ ಕೊಟ್ಟ ಮೇಲೆ. ಆಗ ಕಳ್ಳ ತಾನೇ ಕಳ್ಳನೆಂದು ಹೇಳುವುದಷ್ಟೇ ಅಲ್ಲ, ತನ್ನನ್ನು ಹಿಂಸಿಸಿದ ತಳಾರ ತನ್ನ ಬಾಲ್ಯದ ಗೆಳೆಯನೆಂದೂ ತಿಳಿಸುತ್ತಾನೆ. ಒಬ್ಬನು ಕಳವಿನ ವಿದ್ಯೆ, ಇನ್ನೊಬ್ಬನು ಕಾವಲಿನ ವಿದ್ಯೆ ಕಲಿತು ಜೊತೆಯಲ್ಲೇ ಬೆಳೆದವರು. ಅರಸ ಮೆಚ್ಚಿ ವರ ಕೊಡಲು ಬಂದಾಗ ಕಳ್ಳ ಆ ಗೆಳೆಯನಿಗೇ ಕ್ಷಮೆ ಬೇಡುತ್ತಾನೆ. ದಂಡಿಸಿದವನನ್ನು ದಂಡನೆಗೊಳಗಾದವನು ಕಾಯುವ ಈ ತಿರುವನ್ನು ಜೈನಧರ್ಮದ ಉಪದೇಶವೆಂದು ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯ. ತಪ್ಪಿತಸ್ಥ ಸಿಕ್ಕಿದ ಮಾತ್ರಕ್ಕೆ ಅವನನ್ನು ಹಿಡಿದ ವಿಧಾನ ಸರಿಯಾಗುವುದಿಲ್ಲ ಎಂಬುದನ್ನು ಕಥೆಗಾರ ಕಥೆಯ ಹೊರಗೆ ನಿಂತು ಹೇಳಿಲ್ಲ, ಕಥೆಯ ಕಟ್ಟಿನಲ್ಲೇ ತೋರಿಸಿದ್ದಾನೆ.

ಒಂದು ಶತಮಾನ ಕಳೆದ ಮೇಲೆ ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಇನ್ನೊಂದು ಬಗೆಯ ಪತ್ತೇದಾರ ಬರುತ್ತಾನೆ. ಪ್ರೌಢಶಾಲೆಯ ಪುಸ್ತಕಗಳಿಂದಲೂ ಪರಿಚಿತವಾದ ಧರ್ಮಬುದ್ಧಿ–ದುಷ್ಟಬುದ್ಧಿಯರ ಪ್ರಸಂಗವದು. ಹೂತಿಟ್ಟ ಹೊನ್ನನ್ನು ದುಷ್ಟಬುದ್ಧಿ ಕದ್ದು, ಗೆಳೆಯನ ಮೇಲೆ ದೂರು ಹೇಳಿ, ಆಲದ ಮರವೇ ಸಾಕ್ಷಿಯೆನ್ನುತ್ತಾನೆ; ತನ್ನ ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸಿಡುತ್ತಾನೆ. ಮರ ಮಾತನಾಡುತ್ತದೆ, ಧರ್ಮಾಧಿಕರಣರು ಬೆರಗಾಗುತ್ತಾರೆ. ಧರ್ಮಬುದ್ಧಿ ಮಾತ್ರ ಬೆರಗಾಗದೆ ಮರವನ್ನು ಸುತ್ತು ಹಾಕಿ ನೋಡುತ್ತಾನೆ. ಪೊಟರೆ ಕಾಣುತ್ತದೆ, ಅಲ್ಲಿ ಮನುಷ್ಯರು ಓಡಾಡಿದ ಗುರುತು ಕಾಣುತ್ತದೆ. ಸಾಕ್ಷಿಯ ಮಾತಿಗೆ ತಲೆದೂಗದೆ ಸಾಕ್ಷಿ ನಿಂತ ನೆಲವನ್ನು ಪರೀಕ್ಷಿಸುವ ಈ ಒಂದು ಸುತ್ತು ಕನ್ನಡದ ಪತ್ತೇದಾರಿಯ ಮೊದಲ ಹೆಜ್ಜೆಗಳಲ್ಲೊಂದು ಎಂದರೆ ಅತಿಶಯೋಕ್ತಿಯಾಗದು. ಮುಂದೆ ಅವನು ಪೊಟರೆಗೆ ಹುಲ್ಲು ತುಂಬಿ ಬೆಂಕಿಯಿಡುತ್ತಾನೆ, ಮುದುಕ ಪ್ರಾಣ ಕಳೆದುಕೊಳ್ಳುತ್ತಾನೆ. ಹೆಸರು ಧರ್ಮಬುದ್ಧಿಯಾದರೂ ಆ ಬೆಂಕಿಯನ್ನು ಮೆಚ್ಚಬೇಕಾಗಿಲ್ಲ. ಕಣ್ಣಿಗೆ ಕಂಡ ಗುರುತು ಸಾಕಾಗಿದ್ದಲ್ಲಿ ಅವನಿಗೂ ಆತುರ ಹತ್ತಿತು.

ಮಾತಿನ ವಿಷಯಕ್ಕೆ ಬಂದರೆ, ಭಾಷೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಸುಳಿವು ಪದಕೋಶದಲ್ಲಿದೆ. ಮರಾಠಿಯಲ್ಲಿ ‘ವಿಚಾರಣೆ’ ಎಂದರೆ ಬರಿಯ ‘ಕೇಳುವುದು’. ದಾರಿ ಕೇಳುವುದಕ್ಕೂ ಅದೇ ಕ್ರಿಯಾಪದ. ಪೊಲೀಸರು ಮಾಡುವುದಕ್ಕೆ ಅಲ್ಲಿ ‘ಚೌಕಶಿ’ ಎಂಬ ಬೇರೆ ಮಾತಿದೆ. ತಮಿಳಿನಲ್ಲಿ ‘ವಿಸಾರಿಸು’ವುದು ಕ್ಷೇಮಸಮಾಚಾರಕ್ಕೂ ಸಲ್ಲುತ್ತದೆ, ಠಾಣೆಗೂ ಸಲ್ಲುತ್ತದೆ, ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ತಾವು ಪೊಲೀಸ್ ವಶದಲ್ಲಿ ಅನುಭವಿಸಿದ್ದನ್ನು ಬರೆದ ಕಾದಂಬರಿ ವೆಟ್ರಿಮಾರನ್ ಅವರ ಕೈಯಲ್ಲಿ ಚಲನಚಿತ್ರವಾದಾಗ ಪಡೆದ ಹೆಸರೇ ‘ವಿಸಾರಣೈ’. ಕನ್ನಡದ ಕಥೆ ಇನ್ನೂ ಸ್ವಾರಸ್ಯ. ‘ವಿಚಾರ’ದಿಂದ ಹುಟ್ಟಿದ ‘ವಿಚಾರಣೆ’ ಆಲೋಚನೆಯ ಮಗಳು. ‘ಯೋಗಕ್ಷೇಮ ವಿಚಾರಿಸು’ ಎಂದರೆ ಪ್ರೀತಿ. ಅದಕ್ಕೆ ‘ಕೊಳ್ಳು’ ಸೇರಿಸಿ ‘ನಿನ್ನನ್ನು ವಿಚಾರಿಸಿಕೊಳ್ಳುತ್ತೇನೆ’ ಎಂದರೆ ಬೆದರಿಕೆ. ‘ಠಾಣೆಯಲ್ಲಿ ಚೆನ್ನಾಗಿ ವಿಚಾರಿಸಿಕೊಂಡರು’ ಎಂಬ ವಾಕ್ಯಕ್ಕೆ ಕನ್ನಡ ಬಲ್ಲವರಾರೂ ಟಿಪ್ಪಣಿ ಕೇಳುವುದಿಲ್ಲ. ಒಂದು ಸಹಾಯಕ ಕ್ರಿಯಾಪದ ಸೇರಿದಷ್ಟರಲ್ಲಿ ಆಲೋಚನೆ ಲಾಠಿಯಾಗುವ ಈ ಬದಲಾವಣೆಯನ್ನು ವ್ಯಾಕರಣದ ಪುಸ್ತಕಗಳು ಗುರುತಿಸಬೇಕಿತ್ತು. ವರದಿಗಳಲ್ಲಿ ಬರುವ ‘ತೀವ್ರ ವಿಚಾರಣೆಗೆ ಒಳಪಡಿಸಿದಾಗ ಬಾಯಿಬಿಟ್ಟಿದ್ದಾನೆ’ ಎಂಬ ಸಿದ್ಧವಾಕ್ಯದಲ್ಲಿ ‘ತೀವ್ರ’ ಎಂಬ ವಿಶೇಷಣ ಏನನ್ನು ಮುಚ್ಚಿಡುತ್ತದೆ ಎಂಬುದನ್ನೂ ಕೇಳಬಹುದು. ‘ವರ್ಕ್‌ಶಾಪ್’ ಎಂಬ ಹೆಸರು ಹುಟ್ಟಿದ್ದೂ ಇಂಥ ಮುಚ್ಚುಮಾತುಗಳ ಕುಲುಮೆಯಲ್ಲಿಯೇ.

ಧಾರಾವಾಹಿ ನೋಡಬಾರದೆಂದು ವಾದಿಸುವುದು ಇಲ್ಲಿನ ಉದ್ದೇಶವಲ್ಲ. ಮನರಂಜನೆಗೆ ಕಾನೂನಿನ ಪಾಠ ಹೇಳುವವರು ಬೇಗನೆ ನೀರಸರಾಗುತ್ತಾರೆ. ಬಸು ಚಟರ್ಜಿಯವರ ‘ಬ್ಯೋಮಕೇಶ್ ಬಕ್ಷಿ’ಯಲ್ಲಿ ರಜಿತ್ ಕಪೂರ್ ಕೈ ಎತ್ತದೆ, ದನಿ ಏರಿಸದೆ ಕೊಲೆಗಳನ್ನು ಬಿಡಿಸುತ್ತಿದ್ದುದು ಎಷ್ಟೋ ಹೆಚ್ಚು ರಂಜಕವಾಗಿತ್ತು. ಅಂದರೆ ಹೊಡೆತವಿಲ್ಲದೆ ರಂಜನೆಯಿಲ್ಲವೆಂಬುದು ಸುಳ್ಳು. ಆಕ್ಷೇಪ ಇರುವುದು ಕಥೆಯ ಕುಶಲತೆಯ ನೆಲೆಯಿಂದಲೇ: ತಪ್ಪೊಪ್ಪಿಗೆಯಿಂದ ಮುಗಿಯುವ ಕೊಲೆಯ ಕಥೆ ಕಳಪೆ ಕಥೆ. ಓದುಗ ಜೊತೆಯಲ್ಲಿ ನಡೆದು ಬಂದ ದಾರಿಯನ್ನು ಕಡೆಯ ಗಳಿಗೆಯಲ್ಲಿ ನಿಷ್ಪ್ರಯೋಜಕಗೊಳಿಸಿ, ಅವನು ತಾನೇ ಕಂಡುಕೊಳ್ಳಬಹುದಾಗಿದ್ದುದನ್ನು ಅಪರಾಧಿಯ ಬಾಯಿಂದ ಹೇಳಿಸಿಬಿಡುವುದು ಕಥೆಗಾರನ ಸೋಮಾರಿತನ. ಸ್ಟೀಫನ್ ದಾಖಲಿಸಿದ ನೆರಳಿನ ಸೋಮಾರಿತನಕ್ಕೂ ಇದಕ್ಕೂ ದೂರದ ಸಂಬಂಧವಿಲ್ಲ, ಹತ್ತಿರದ್ದೇ.

ಮತ್ತೆ ಆ ನಿಲ್ಲದ ಕ್ಯಾಮೆರಾಕ್ಕೆ ಬರಬೇಕು. 2020ರ ಜೂನ್ 19ರಂದು ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂ ಠಾಣೆಗೆ, ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ, ಒಬ್ಬ ತಂದೆಯನ್ನೂ ಮಗನನ್ನೂ ಕರೆದೊಯ್ಯಲಾಯಿತು. ನಾಲ್ಕು ದಿನಗಳೊಳಗೆ ಇಬ್ಬರೂ ಸತ್ತರು. ಅದೇ ವರ್ಷ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ದೇಶದ ಪ್ರತಿ ಠಾಣೆಯಲ್ಲೂ ದನಿಸಹಿತ ದಾಖಲಿಸುವ ಕ್ಯಾಮೆರಾಗಳಿರಬೇಕು, ದಾಖಲೆ ಹದಿನೆಂಟು ತಿಂಗಳು ಉಳಿಯಬೇಕು ಎಂದು ಆಜ್ಞೆ ಮಾಡಿತು. ಕಿರುತೆರೆ ಹದಿನಾರು ವರ್ಷ ಹಿಂದೆ ಸಾಹಸಕ್ಕಾಗಿ ಮಾಡಿದ್ದನ್ನು ನ್ಯಾಯಾಲಯ ನಿಯಮವೆಂದು ಕೇಳಿತು. ಸಾತ್ತಾನ್‌ಕುಳಂ ಠಾಣೆಯಲ್ಲಿ ಕ್ಯಾಮೆರಾ ಇರಲಿಲ್ಲವೆಂದಲ್ಲ. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ಕಂಡದ್ದು, ಒಂದು ಟೆರಾಬೈಟ್‌ನಷ್ಟು ಜಾಗವಿದ್ದ ಡಿಸ್ಕಿನಲ್ಲಿ ಆಯಾ ದಿನದ ಚಿತ್ರ ಆಯಾ ದಿನವೇ ತಾನಾಗಿ ಅಳಿದುಹೋಗುವಂತೆ ಹೊಂದಿಸಿಟ್ಟಿದ್ದುದನ್ನು. ಆ ರಾತ್ರಿ ಠಾಣೆಯಲ್ಲಿ ಕರ್ತವ್ಯದ ಮೇಲಿದ್ದ ಒಬ್ಬ ಮಹಿಳಾ ಮುಖ್ಯಪೇದೆ ಮಾತ್ರ, ಸಹೋದ್ಯೋಗಿಗಳು ಕಾಂಪೌಂಡಿನಲ್ಲೇ ನಿಂತಿರುವಾಗ, ರಾತ್ರಿಯಿಡೀ ನಡೆದ ಹೊಡೆತವನ್ನೂ ಲಾಠಿ ಮತ್ತು ಮೇಜಿನ ಮೇಲಿನ ರಕ್ತದ ಕಲೆಗಳನ್ನೂ ಅವರ ಮುಂದೆ ಹೇಳಿದಳು. ಅವಳಿಗೆ ಯಾರೂ ಒಂದು ಏಟೂ ಕೊಟ್ಟಿರಲಿಲ್ಲ.